ಕೀಬೋರ್ಡ್, ಆಕ್ಟಪ್ಯಾಡ್, ಲ್ಯಾಪ್‌ಟಾಪ್: ಮಿಡಿ ದಾರಿ ಜೋಡಿಸುವ ಬಗೆ

ಮಿಡಿ ಅಂದರೆ ಎಲೆಕ್ಟ್ರಾನಿಕ್ ವಾದ್ಯಗಳೂ ಕಂಪ್ಯೂಟರೂ ಒಂದಕ್ಕೊಂದು ಮಾತನಾಡುವ ಭಾಷೆ. ಮಿಡಿ ಕೇಬಲ್ಲಿನಲ್ಲಿ ಸದ್ದು ಹರಿಯುವುದಿಲ್ಲ, ಸುದ್ದಿ ಹರಿಯುತ್ತದೆ. ಇಂಥ ಕೀ ಒತ್ತಿದರು, ಇಷ್ಟು ಜೋರಾಗಿ ಒತ್ತಿದರು, ಈಗ ಬಿಟ್ಟರು, ಪೆಡಲ್ ತುಳಿದರು: ಇಷ್ಟೇ. ಆ ಸುದ್ದಿ ಕೇಳಿ ಸದ್ದು ಮಾಡುವುದು ಸಿಂಥ್‌ನ, ಅಂದರೆ ಸಿಂಥಸೈಜರಿನ, ಕೆಲಸ. ರೂಟಿಂಗ್ ಅಂದರೆ ಯಾರ ಬಾಯಿಂದ ಹೊರಟ ಸುದ್ದಿ ಯಾರ ಕಿವಿಗೆ ಬೀಳಬೇಕು ಎಂದು ಗೊತ್ತು ಮಾಡುವುದು. ಔಟ್ ಅನ್ನುವುದು ಬಾಯಿ, ಇನ್ ಅನ್ನುವುದು ಕಿವಿ. ಕೀಬೋರ್ಡಿನ ಔಟ್ ಕಂಪ್ಯೂಟರಿಗೆ ಇನ್ ಆಗುತ್ತದೆ. ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನ ಔಟ್ ಇನ್ನೊಂದು ಸಾಫ್ಟ್‌ವೇರ್‌ಗೆ ಇನ್ ಆಗುತ್ತದೆ. ಗಂಟೆಗಟ್ಟಲೆ ತಲೆ ಕೆಡಿಸುವ ತೊಂದರೆಗಳಲ್ಲಿ ಹೆಚ್ಚಿನವು ಎರಡೇ ಜಾತಿಯವು. ಒಂದು, ಒಂದೇ ಕಿವಿಗೆ ಎರಡು ದಾರಿಯಿಂದ ಸುದ್ದಿ ಬರುವುದು. ಇನ್ನೊಂದು, ತನ್ನ ಮಾತು ಸುತ್ತಿ ಬಂದು ತನ್ನ ಕಿವಿಗೇ ಬೀಳುವುದು. ಆದ್ದರಿಂದ ಯಾವ ಸೆಟ್ಟಿಂಗ್ ಮುಟ್ಟುವ ಮೊದಲೂ ಒಂದು ಹಾಳೆಯ ಮೇಲೆ ಪ್ರತಿ ವಾದ್ಯಕ್ಕೆ, ಪ್ರತಿ ಸಾಫ್ಟ್‌ವೇರ್‌ಗೆ ಒಂದೊಂದು ಚೌಕ ಬರೆದು ಬಾಣ ಎಳೆಯಿರಿ. ಎರಡು ಚೌಕಗಳ ನಡುವೆ ಎರಡು ದಾರಿ ಕಂಡರೆ ಒಂದನ್ನು ಹೊಡೆದುಹಾಕಿ.

ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು ನಮ್ಮ ಆರ್ಕೆಸ್ಟ್ರಾ ತಂಡಗಳಲ್ಲಿ ಕಾಣುವಂಥ ಸಾಮಾನು: ಯುಎಸ್‌ಬಿ ಇರುವ ಒಂದು ಕೀಬೋರ್ಡ್, ರೋಲ್ಯಾಂಡ್ ಎಸ್‌ಪಿಡಿ-20 ಆಕ್ಟಪ್ಯಾಡ್ (ಕೋಲಿನಿಂದ ಬಾರಿಸುವ ಎಲೆಕ್ಟ್ರಾನಿಕ್ ತಾಳವಾದ್ಯ), ವಿಂಡೋಸ್ ಲ್ಯಾಪ್‌ಟಾಪ್. ಅದರಲ್ಲಿ ರೀಪರ್, ಜೊತೆಗೆ ಬೇರೆ ಸಾಫ್ಟ್‌ವೇರ್ ಆಗಿಯೇ ಓಡುವ ಸರ್ಜ್ ಎಕ್ಸ್‌ಟಿ ಸಿಂಥ್. ಸರ್ಜ್ ಪೂರ್ತಿ ಉಚಿತ, ಓಪನ್ ಸೋರ್ಸ್.

ತಂತಿ ಮೊದಲು

ಹೊಸ ಕೀಬೋರ್ಡುಗಳ ಬಹುಪಾಲು ಕ್ಲಾಸ್ ಕಂಪ್ಲಯಂಟ್. ಯುಎಸ್‌ಬಿ ಚುಚ್ಚಿದರೆ ಸಾಕು, ಡ್ರೈವರ್ ಬೇಡ. ಕಂಪನಿಯೇ ಡ್ರೈವರ್ ಕೊಟ್ಟಿದ್ದರೆ ವಿಂಡೋಸ್‌ನಲ್ಲಿ ಅದನ್ನೇ ಹಾಕಿ. ಫೋನಿನ ಜೊತೆ ಬಂದ ಕೇಬಲ್ ಬಳಸುವಾಗ ಎಚ್ಚರ: ಕೆಲವು ಚಾರ್ಜ್ ಮಾತ್ರ ಮಾಡುತ್ತವೆ, ಡೇಟಾ ಒಯ್ಯುವುದಿಲ್ಲ.

ಎಸ್‌ಪಿಡಿ-20ಕ್ಕೆ ಯುಎಸ್‌ಬಿ ಇಲ್ಲ, ಐದು ಪಿನ್ನಿನ ದುಂಡನೆಯ ಮಿಡಿ ಸಾಕೆಟ್ ಮಾತ್ರ. ಅದಕ್ಕೆ ಯುಎಸ್‌ಬಿ-ಮಿಡಿ ಕೇಬಲ್ ಬೇಕು. ಆ ಕೇಬಲ್ಲಿನ ತುದಿಯಲ್ಲಿ ಇನ್, ಔಟ್ ಎಂದು ಬರೆದಿರುವುದು ಕೇಬಲ್ಲಿನ ಲೆಕ್ಕದಲ್ಲಿ. ಇನ್ ಎಂದು ಬರೆದಿರುವ ತುದಿ ಪ್ಯಾಡಿನ ಔಟ್‌ಗೆ ಹೋಗಬೇಕು. ಕೆಲವು ತಯಾರಕರು ಇದನ್ನೇ ತಿರುಗಿಸಿ, ‘ಔಟ್‌ಗೆ ಹಾಕಿ’ ಎಂಬ ಅರ್ಥದಲ್ಲಿ ಬರೆದಿರುತ್ತಾರೆ. ಸುದ್ದಿ ಬರದಿದ್ದರೆ ಎರಡು ತುದಿ ಅದಲುಬದಲು ಮಾಡಿ ನೋಡಿ, ಏನೂ ಸುಟ್ಟುಹೋಗುವುದಿಲ್ಲ.

ಅಗ್ಗದ ಕೇಬಲ್ಲಿನ ವಿಷಯದಲ್ಲಿ ಒಂದು ಮಾತು. ಮಿಡಿ ನಿಯಮದ ಪ್ರಕಾರ ಪ್ರತಿ ಇನ್ ಬದಿಯಲ್ಲೂ ಆಪ್ಟೊ ಐಸೊಲೇಟರ್ ಇರಬೇಕು. ಎರಡು ಯಂತ್ರಗಳ ಗ್ರೌಂಡ್ ಒಂದಕ್ಕೊಂದು ತಾಗಿ ಗುಂಯ್ ಸದ್ದು ಬಾರದಿರಲಿ ಎಂಬುದಕ್ಕೆ ಅದು. ತೀರ ಅಗ್ಗದವುಗಳಲ್ಲಿ ಅದನ್ನೇ ಬಿಟ್ಟಿರುವುದುಂಟು. ಸುದ್ದಿ ದಟ್ಟವಾಗಿ ಬಂದಾಗ ಬೈಟ್ ನುಂಗುವ ಕೇಬಲ್ಲುಗಳೂ ಇವೆ. ನುಂಗಿದ್ದು ‘ಕೀ ಬಿಟ್ಟರು’ ಎಂಬ ಸುದ್ದಿಯಾದರೆ ಆ ಸ್ವರ ನಿಲ್ಲದೆ ಕೂಗುತ್ತಲೇ ಇರುತ್ತದೆ. ವೇದಿಕೆಗೆ ಒಯ್ಯುವುದಾದರೆ ಇದರಲ್ಲಿ ಜಿಪುಣತನ ಬೇಡ.

ಯಾವ ಯುಎಸ್‌ಬಿ ಕಿಂಡಿಗೆ ಯಾವುದು ಎಂದು ಸ್ಟಿಕ್ಕರ್ ಅಂಟಿಸಿಬಿಡಿ. ವಿಂಡೋಸ್‌ನಲ್ಲಿ ಅದೇ ಕೀಬೋರ್ಡನ್ನು ಬೇರೆ ಕಿಂಡಿಗೆ ಚುಚ್ಚಿದರೆ ಹೆಸರಿನ ಮುಂದೆ 2 ಎಂಬ ಅಂಕಿ ಸೇರಿ ಹೊಸ ಸಾಧನದಂತೆ ಕಾಣಬಹುದು. ಆಗ ರೀಪರ್‌ನಲ್ಲಿ ನಿನ್ನೆ ಮಾಡಿಟ್ಟ ಸೆಟ್ಟಿಂಗ್ ಇವತ್ತು ಹಿಡಿಯುವುದಿಲ್ಲ.

ಸುದ್ದಿ ಬರುತ್ತಿದೆಯೇ ಎಂದು ಕಣ್ಣಲ್ಲಿ ನೋಡಿ

ಇದನ್ನು ಬಿಟ್ಟು ಮುಂದೆ ಹೋಗುವವರೇ ಹೆಚ್ಚು. ಮಿಡಿ-ಆಕ್ಸ್ ಎಂಬ ಹಳೆಯ ಸಾಫ್ಟ್‌ವೇರ್ ಹಾಕಿಕೊಳ್ಳಿ. ಸ್ವಂತ ಬಳಕೆಗೆ ಉಚಿತ. ಆಪ್ಷನ್ಸ್ ಮೆನುವಿನ ಮಿಡಿ ಡಿವೈಸಸ್ ತೆರೆದು ಇನ್‌ಪುಟ್ ಪಟ್ಟಿಯಲ್ಲಿ ಕೀಬೋರ್ಡನ್ನೂ ಯುಎಸ್‌ಬಿ-ಮಿಡಿ ಕೇಬಲ್ಲನ್ನೂ ಆರಿಸಿ. ಔಟ್‌ಪುಟ್ ಪಟ್ಟಿಯಲ್ಲಿ ಸದ್ಯಕ್ಕೆ ಏನೂ ಬೇಡ. ಈಗ ಕೀಬೋರ್ಡಿನ ಮಧ್ಯದ ಸಿ ಒತ್ತಿ. ಸ್ಟೇಟಸ್ ಕೆಳಗೆ 90, ಮೊದಲ ಡೇಟಾ ಕೆಳಗೆ 3ಸಿ, ಎರಡನೆಯದರ ಕೆಳಗೆ ನೀವು ಒತ್ತಿದ ಬಲ ಕಾಣುತ್ತದೆ. ಇವು ಹೆಕ್ಸಾಡೆಸಿಮಲ್, ಅಂದರೆ ಹದಿನಾರರ ಲೆಕ್ಕದ, ಅಂಕಿಗಳು: 3ಸಿ ಅಂದರೆ 60. ಸ್ಟೇಟಸ್‌ನಲ್ಲಿ 9 ಅಂದರೆ ‘ಸ್ವರ ಶುರು’, ಮುಂದಿನದು ಚಾನಲ್, ಅಂದರೆ ಒಂದೇ ತಂತಿಯಲ್ಲಿ ಹೋಗುವ ಸುದ್ದಿಗಳನ್ನು ಬೇರೆ ಬೇರೆಯಾಗಿ ಗುರುತಿಸುವ ಸಂಖ್ಯೆ. ಅಲ್ಲಿ ಎಣಿಕೆ 0ಯಿಂದ, ನಮ್ಮ ಎಣಿಕೆ 1ರಿಂದ. ಹಾಗಾಗಿ 90 ಅಂದರೆ ಒಂದನೇ ಚಾನಲ್, 99 ಅಂದರೆ ಹತ್ತನೆಯದು.

ಕೀ ಬಿಟ್ಟಾಗ 80 ಬರಬೇಕು. ಇಲ್ಲವೇ 90 ಬಂದು ಬಲದ ಜಾಗದಲ್ಲಿ 0 ಇರಬೇಕು. ಎರಡೂ ಸರಿ. ಬಲ 0 ಇರುವ ‘ಸ್ವರ ಶುರು’ ಅಂದರೆ ‘ಸ್ವರ ಮುಗಿಯಿತು’ ಎಂದೇ ನಿಯಮ. ಒಂದು ಸಲ ಒತ್ತಿದರೆ ಎರಡು ಸಾಲು 90 ಬರುತ್ತಿದ್ದರೆ ತೊಂದರೆ ಕೀಬೋರ್ಡಿನ ಬದಿಯಲ್ಲೇ ಇದೆ: ಲೇಯರ್ ಇಲ್ಲವೇ ಡ್ಯುಯಲ್ ವಾಯ್ಸ್ ಆನ್ ಆಗಿರುತ್ತದೆ.

ಸುಮ್ಮನಿದ್ದಾಗಲೂ ಪರದೆ ಓಡುತ್ತಿದ್ದರೆ ಗಾಬರಿಯಾಗಬೇಡಿ. ಎಫ್‌ಇ ಅನ್ನುವುದು ಆಕ್ಟಿವ್ ಸೆನ್ಸಿಂಗ್, ‘ನಾನು ಇನ್ನೂ ಇದ್ದೇನೆ’ ಎಂದು 300 ಮಿಲಿಸೆಕೆಂಡಿನೊಳಗೊಮ್ಮೆ ಕೂಗುವುದು. ಎಫ್8 ಅನ್ನುವುದು ತಾಳದ ಗಡಿಯಾರ, ಒಂದು ಕ್ವಾರ್ಟರ್ ನೋಟಿಗೆ 24 ಸಲ. ನಿಮಗೆ ಗಡಿಯಾರ ಬೇಡವಾದರೆ ಮಿಡಿ-ಆಕ್ಸ್‌ನ ಮಿಡಿ ಫಿಲ್ಟರ್‌ನಲ್ಲಿ ಎರಡನ್ನೂ ತಡೆದುಬಿಡಿ.

ಕೀಬೋರ್ಡನ್ನು ಒಂದನೇ ಚಾನಲ್ಲಿಗೆ, ಪ್ಯಾಡನ್ನು ಹತ್ತಕ್ಕೆ ಇಡಿ. ಜನರಲ್ ಮಿಡಿ ನಿಯಮದಲ್ಲಿ ಹತ್ತನೇ ಚಾನಲ್ ತಾಳವಾದ್ಯಗಳದ್ದು, ಹೆಚ್ಚಿನ ಡ್ರಮ್ ಪ್ಲಗಿನ್‌ಗಳೂ (ರೀಪರ್‌ನಂಥವುಗಳ ಒಳಗೆ ಓಡುವ ಸಾಫ್ಟ್‌ವೇರ್) ಅದಕ್ಕೆ ಒಗ್ಗಿವೆ. ಸ್ವರದ ಹೆಸರಿನಲ್ಲಿ ಮಾತ್ರ ನಂಬಿಕೆ ಬೇಡ: 60ನೇ ಸ್ವರವನ್ನು ಯಮಹಾ ಸಿ3 ಅನ್ನುತ್ತದೆ, ರೋಲ್ಯಾಂಡ್ ಸಿ4 ಅನ್ನುತ್ತದೆ. ಡ್ರಮ್ ಮ್ಯಾಪ್ ಮಾಡುವಾಗ, ಅಂದರೆ ಯಾವ ಸ್ವರಕ್ಕೆ ಯಾವ ಡ್ರಮ್ ಎಂದು ಗೊತ್ತು ಮಾಡುವಾಗ, ಒಂದು ಸಪ್ತಕ ತಪ್ಪಿ ಕಿಕ್ ಬದಲು ಇನ್ನೇನೋ ಬಾರಿಸುವುದು ಇದರಿಂದಲೇ. ಸಂಖ್ಯೆ ಹಿಡಿದು ಹೋಗಿ.

ಕಾಣದ ಕೇಬಲ್ ಬೇಕೇ ಬೇಡವೇ

ಸರ್ಜ್ ಅನ್ನು ರೀಪರ್ ಒಳಗೇ ಪ್ಲಗಿನ್ ಆಗಿ ಹಾಕಿದರೆ ವರ್ಚುವಲ್ ಕೇಬಲ್ಲಿನ, ಅಂದರೆ ಎರಡು ಸಾಫ್ಟ್‌ವೇರ್‌ಗಳ ನಡುವಿನ ಕಾಣದ ಕೇಬಲ್ಲಿನ, ಅಗತ್ಯವೇ ಇಲ್ಲ. ಟ್ರ್ಯಾಕ್ ಮಾಡಿ, ಪ್ಲಗಿನ್ ಹಾಕಿ, ಇನ್‌ಪುಟ್ ಆರಿಸಿ, ಮುಗಿಯಿತು. ಎಷ್ಟೋ ಜನ ಬೇಡದ ಕಡೆ ವರ್ಚುವಲ್ ಪೋರ್ಟ್ ಹಾಕಿ ತಾವೇ ಸಿಕ್ಕು ಮಾಡಿಕೊಳ್ಳುತ್ತಾರೆ. ಎರಡು ಬೇರೆ ಬೇರೆ ಸಾಫ್ಟ್‌ವೇರ್‌ಗಳ ನಡುವೆ ಸುದ್ದಿ ಹೋಗಬೇಕಾದಾಗ ಮಾತ್ರ ಅದು ಬೇಕು: ಪ್ಲಗಿನ್ ರೂಪವಿಲ್ಲದ ಸಾಫ್ಟ್‌ವೇರ್ ಇದ್ದಾಗ, ರೀಪರ್ ಕುಸಿದರೂ ಸಿಂಥ್ ಮಾತನಾಡುತ್ತಿರಲಿ ಎಂದು ಬೇರೆ ಇಟ್ಟಾಗ, ಅಥವಾ ಒಂದೇ ಕೀಬೋರ್ಡನ್ನು ಎರಡು ಸಾಫ್ಟ್‌ವೇರ್ ಕೇಳಬೇಕಾದಾಗ.

ಕೊನೆಯದು ವಿಂಡೋಸ್‌ನ ಹಳೆಯ ಕಾಯಿಲೆ. ಅದರ ಹಳೆಯ ಮಿಡಿ ವ್ಯವಸ್ಥೆಯಲ್ಲಿ ಬಹಳಷ್ಟು ಡ್ರೈವರ್‌ಗಳು ಒಂದು ಪೋರ್ಟನ್ನು ಒಂದೇ ಸಾಫ್ಟ್‌ವೇರ್‌ಗೆ ಕೊಡುತ್ತವೆ. ಮಿಡಿ-ಆಕ್ಸ್ ತೆರೆದಿರುವಾಗ ರೀಪರ್ ತೆರೆದರೆ, ಇಂಥ ಇನ್‌ಪುಟ್ ತೆರೆಯಲಾಗಲಿಲ್ಲ ಎಂಬ ಎಚ್ಚರಿಕೆ ಬರುವುದು ಇದಕ್ಕೇ. ಮೈಕ್ರೋಸಾಫ್ಟ್ ವಿಂಡೋಸ್ 11ಕ್ಕೆ ರೂಪಿಸಿರುವ ವಿಂಡೋಸ್ ಮಿಡಿ ಸರ್ವಿಸಸ್‌ನಲ್ಲಿ ಈ ಕಟ್ಟು ಇಲ್ಲ. ಆದರೆ ಊರಿನ ಲ್ಯಾಪ್‌ಟಾಪ್‌ಗಳಲ್ಲಿ ಇನ್ನೂ ವಿಂಡೋಸ್ 10 ಓಡುತ್ತಿರುವಾಗ ಹಳೆಯ ಉಪಾಯ ಗೊತ್ತಿರಲೇಬೇಕು.

ಉಪಾಯ ಇಷ್ಟು: ಕೀಬೋರ್ಡನ್ನೂ ಪ್ಯಾಡನ್ನೂ ಮಿಡಿ-ಆಕ್ಸ್ ಒಂದೇ ಹಿಡಿದುಕೊಳ್ಳಲಿ, ಅಲ್ಲಿಂದ ವರ್ಚುವಲ್ ಪೋರ್ಟಿಗೆ ಸುರಿಯಲಿ, ಉಳಿದವರೆಲ್ಲ ಆ ಪೋರ್ಟನ್ನು ಕೇಳಲಿ.

ವರ್ಚುವಲ್ ಪೋರ್ಟಿಗೆ ಟೋಬಿಯಾಸ್ ಎರಿಕ್ಸನ್ ಅವರ ಲೂಪ್‌ಮಿಡಿ ಬಳಸಿ. ಇದೂ ವ್ಯಾಪಾರೇತರ ಬಳಕೆಗೆ ಉಚಿತ.

1. ಲೂಪ್‌ಮಿಡಿ ತೆರೆದು ಕೆಳಗಿನ ಹೆಸರಿನ ಜಾಗದಲ್ಲಿ ಮೊದಲ ಪೋರ್ಟಿನ ಹೆಸರು ಬರೆದು ಪ್ಲಸ್ ಒತ್ತಿ. ಹೆಸರಿನಲ್ಲೇ ದಿಕ್ಕು ಇರಲಿ, ‘ಆಕ್ಸ್ ಟು ರೀಪರ್’ ಎಂಬಂತೆ. ಎರಡನೆಯದು ‘ರೀಪರ್ ಟು ಸರ್ಜ್’. ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ, 31 ಅಕ್ಷರ ದಾಟಬೇಡಿ. ವಿಂಡೋಸ್‌ನ ಹಳೆಯ ಮಿಡಿಯಲ್ಲಿ ಹೆಸರಿಗೆ ಅಷ್ಟೇ ಜಾಗ.

2. ಗಡಿಯಾರದ ಪಕ್ಕದ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ಆಟೋಸ್ಟಾರ್ಟ್ ಗುರುತು ಹಾಕಿ. ಲೂಪ್‌ಮಿಡಿ ಓಡುತ್ತಿರುವಷ್ಟು ಹೊತ್ತು ಮಾತ್ರ ಪೋರ್ಟುಗಳು ಇರುತ್ತವೆ.

3. ಮಿಡಿ-ಆಕ್ಸ್‌ನಲ್ಲಿ ಮತ್ತೆ ಮಿಡಿ ಡಿವೈಸಸ್ ತೆರೆದು ಔಟ್‌ಪುಟ್ ಪಟ್ಟಿಯಲ್ಲಿ ‘ಆಕ್ಸ್ ಟು ರೀಪರ್’ ಒಂದನ್ನೇ ಆರಿಸಿ. ಆ ಹೆಸರು ಇನ್‌ಪುಟ್ ಪಟ್ಟಿಯಲ್ಲೂ ಕಾಣುತ್ತದೆ, ಅದನ್ನು ಮುಟ್ಟಬಾರದು. ಮುಟ್ಟಿದಿರೋ, ಬಾಯಿ ತನ್ನ ಕಿವಿಗೇ ಸೇರಿತು.

4. ವ್ಯೂ ಮೆನುವಿನ ಪೋರ್ಟ್ ರೂಟಿಂಗ್ಸ್ ತೆರೆದು ಎರಡೂ ಇನ್‌ಪುಟ್‌ಗಳಿಂದ ಆ ಔಟ್‌ಪುಟ್‌ಗೆ ಗೆರೆ ಇದೆಯೇ ನೋಡಿ. ಆಮೇಲೆ ಫೈಲ್ ಮೆನುವಿನಲ್ಲಿ ಪ್ರೊಫೈಲ್ ಉಳಿಸಿಕೊಳ್ಳಿ.

ಸುತ್ತು ಬಿದ್ದರೆ ಲೂಪ್‌ಮಿಡಿಯೇ ಅದನ್ನು ಪತ್ತೆ ಮಾಡಿ ಆ ಪೋರ್ಟನ್ನು ಮ್ಯೂಟ್ ಮಾಡುತ್ತದೆ. ಪಟ್ಟಿಯಲ್ಲಿ ಪೋರ್ಟಿನ ಮುಂದೆ ಮ್ಯೂಟ್ ಎಂದು ಕಂಡರೆ, ಅಥವಾ ಯಾರೂ ನುಡಿಸದಿದ್ದರೂ ಡೇಟಾ ಅಂಕಿ ಏರುತ್ತಿದ್ದರೆ, ಹಾಳೆಯ ಮೇಲಿನ ಬಾಣಗಳಿಗೆ ವಾಪಸ್ ಬನ್ನಿ.

ರೀಪರ್ ಬದಿ

ಆಪ್ಷನ್ಸ್, ಪ್ರಿಫರೆನ್ಸಸ್ ಒಳಗೆ ಮಿಡಿ ಸಾಧನಗಳ ಪುಟ ತೆರೆಯಿರಿ. ಇನ್‌ಪುಟ್‌ಗಳಲ್ಲಿ ‘ಆಕ್ಸ್ ಟು ರೀಪರ್’ ಮಾತ್ರ ಎನೇಬಲ್ ಮಾಡಿ. ಕೀಬೋರ್ಡಿನ ಸ್ವಂತ ಹೆಸರು, ಯುಎಸ್‌ಬಿ-ಮಿಡಿ ಕೇಬಲ್ಲಿನ ಹೆಸರು ಎರಡನ್ನೂ ಆಫ್ ಮಾಡಿ. ಔಟ್‌ಪುಟ್‌ಗಳಲ್ಲಿ ‘ರೀಪರ್ ಟು ಸರ್ಜ್’ ಮಾತ್ರ. ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಜಿಎಸ್ ವೇವ್‌ಟೇಬಲ್ ಸಿಂಥ್ ಎಂಬುದೊಂದು ಕಾಣುತ್ತದೆ. ಅದು ವಿಂಡೋಸ್ ಜೊತೆಗೆ ಬಂದ ಹಳೇ ಸಿಂಥ್, ಕೀ ಒತ್ತಿದ ಎಷ್ಟೋ ಹೊತ್ತಿಗೆ ಮಾತನಾಡುತ್ತದೆ. ಅದನ್ನು ಮರೆತುಬಿಡಿ.

ಎರಡು ಟ್ರ್ಯಾಕ್ ಮಾಡಿ. ಎರಡಕ್ಕೂ ಕೆಂಪು ಆರ್ಮ್ ಗುಂಡಿ, ಮಾನಿಟರ್ ಆನ್. ಇನ್‌ಪುಟ್ ಮೆನುವಿನಲ್ಲಿ ಮೊದಲನೆಯದಕ್ಕೆ ‘ಆಕ್ಸ್ ಟು ರೀಪರ್’, ಚಾನಲ್ 1. ಎರಡನೆಯದಕ್ಕೆ ಅದೇ ಪೋರ್ಟ್, ಚಾನಲ್ 10. ಎಲ್ಲ ಚಾನಲ್ ಎಂದು ಬಿಟ್ಟರೆ ಪ್ಯಾಡ್ ಬಾರಿಸಿದಾಗ ಪಿಯಾನೋ ಕೂಡ ಟಿಂಗ್ ಅನ್ನುತ್ತದೆ. ಪ್ಯಾಡ್ ಟ್ರ್ಯಾಕಿಗೆ ನಿಮ್ಮ ಡ್ರಮ್ ಪ್ಲಗಿನ್ ಹಾಕಿ. ಕೀಬೋರ್ಡ್ ಟ್ರ್ಯಾಕಿನ ರೂಟ್ ಗುಂಡಿ ಒತ್ತಿ, ಮಿಡಿ ಹಾರ್ಡ್‌ವೇರ್ ಔಟ್‌ಪುಟ್ ಎಂಬಲ್ಲಿ ‘ರೀಪರ್ ಟು ಸರ್ಜ್’ ಆರಿಸಿ.

ಇನ್ನು ಸರ್ಜ್. ಕಿಟಕಿಯ ಮೇಲಿನ ಆಪ್ಷನ್ಸ್ ಒತ್ತಿ ಆಡಿಯೋ/ಮಿಡಿ ಸೆಟ್ಟಿಂಗ್ಸ್ ತೆರೆಯಿರಿ. ಆಕ್ಟಿವ್ ಮಿಡಿ ಇನ್‌ಪುಟ್ಸ್ ಪಟ್ಟಿಯಲ್ಲಿ ‘ರೀಪರ್ ಟು ಸರ್ಜ್’ ಬಿಟ್ಟು ಉಳಿದೆಲ್ಲ ಗುರುತು ತೆಗೆಯಿರಿ. ‘ಆಕ್ಸ್ ಟು ರೀಪರ್’ ಮೇಲೂ ಗುರುತು ಉಳಿದರೆ ಪ್ರತಿ ಸ್ವರ ಎರಡೆರಡು ಸಲ ಬರುತ್ತದೆ. ಕೇಳುವಾಗ ಅದು ಎರಡು ಸ್ವರ ಅನ್ನಿಸುವುದಿಲ್ಲ. ಸದ್ದು ಜೋರಾಗಿ, ಒಳಗೆ ಟೊಳ್ಳಾಗಿ, ಪೈಪಿನೊಳಗಿಂದ ಬಂದ ಹಾಗಿರುತ್ತದೆ. ಈ ಟೊಳ್ಳು ಕೇಳಿದ ಕೂಡಲೇ ಈಕ್ವಲೈಸರ್ ತಿರುಗಿಸಲು ಹೋಗಬೇಡಿ, ದಾರಿ ಎಣಿಸಿ.

ಕೀಬೋರ್ಡಿಗೆ ಸ್ವಂತ ಸದ್ದು ಇದ್ದರೆ ಅದರ ಮೆನುವಿನಲ್ಲಿ ಲೋಕಲ್ ಕಂಟ್ರೋಲ್ ಆಫ್ ಮಾಡಿ. ಆಗ ಕೀಗಳಿಗೂ ಅದರೊಳಗಿನ ಸದ್ದಿಗೂ ನಡುವಿನ ನೇರ ದಾರಿ ಕಡಿದುಹೋಗುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಆನ್ ಮಾಡುವುದನ್ನು ಮರೆತರೆ ಮರುದಿನ ಕೀಬೋರ್ಡ್ ಕೆಟ್ಟಿತೆಂದು ರಿಪೇರಿಗೆ ಕೊಂಡೊಯ್ಯುವ ಪ್ರಸಂಗ ಬರುತ್ತದೆ.

ತಡ ಆಗುವುದು ಎಲ್ಲಿ

ಕೀ ಒತ್ತಿದ ಮೇಲೆ ಸದ್ದು ತಡವಾಗಿ ಬಂದರೆ ಎಲ್ಲರೂ ಬೈಯುವುದು ಮಿಡಿಯನ್ನು. 1983ರಲ್ಲಿ ರೂಪುಗೊಂಡ ಐದು ಪಿನ್ನಿನ ಮಿಡಿಯ ವೇಗ ಸೆಕೆಂಡಿಗೆ 31,250 ಬಿಟ್. ಒಂದು ಬೈಟಿಗೆ ಹತ್ತು ಬಿಟ್ ಹಿಡಿದು, ಮೂರು ಬೈಟಿನ ಒಂದು ಸ್ವರಕ್ಕೆ ಸುಮಾರು 1 ಮಿಲಿಸೆಕೆಂಡ್. ನಾಲ್ಕು ಸ್ವರದ ಕಾರ್ಡ್ ಒತ್ತಿದರೂ 4 ಮಿಲಿಸೆಕೆಂಡ್ ದಾಟುವುದಿಲ್ಲ. ತಡ ಹುಟ್ಟುವುದು ಆಡಿಯೋ ಬದಿಯಲ್ಲಿ. ಸೆಕೆಂಡಿಗೆ 44,100 ಸ್ಯಾಂಪಲ್ ದರದಲ್ಲಿ ಬಫರ್ (ಒಂದು ಸಲಕ್ಕೆ ಒಟ್ಟುಮಾಡಿ ಕಳಿಸುವ ಸ್ಯಾಂಪಲ್‌ಗಳ ಸಂಖ್ಯೆ) 1024 ಇದ್ದರೆ ಅದೊಂದರಿಂದಲೇ 23 ಮಿಲಿಸೆಕೆಂಡ್, 512ಕ್ಕೆ 11.6, 256ಕ್ಕೆ 5.8, 128ಕ್ಕೆ 2.9. ಇದರ ಮೇಲೆ ಡ್ರೈವರ್‌ನ ಪಾಲು ಬೇರೆ. ನುಡಿಸಲು 128 ಅಥವಾ 256 ಇಡಿ. ಚಟ್ ಚಟ್ ಎಂದು ಸಿಡಿದರೆ ಒಂದು ಮೆಟ್ಟಿಲು ಏರಿಸಿ. ಆಕ್ಟಪ್ಯಾಡ್ ಬಾರಿಸುವವರಿಗೆ 10 ಮಿಲಿಸೆಕೆಂಡ್ ಆಚೆ ಕೈಗೆ ಗೊತ್ತಾಗುತ್ತದೆ. ಕೀಬೋರ್ಡಿನಲ್ಲಿ ನಿಧಾನಕ್ಕೆ ಏಳುವ, ಉದ್ದಕ್ಕೆ ಎಳೆಯುವ ಸದ್ದು ಹಾಕಿಕೊಂಡವರು ಅಷ್ಟು ಬೇಗ ಗುರುತಿಸುವುದಿಲ್ಲ.

ಇಲ್ಲಿ ಇನ್ನೊಂದು ಗಂಟು. ಎಎಸ್‌ಐಒ (ತಡ ಕಡಿಮೆ ಮಾಡಲು ಬಳಸುವ ಆಡಿಯೋ ಡ್ರೈವರ್ ಬಗೆ) ಡ್ರೈವರ್‌ಗಳಲ್ಲಿ ಹಲವು ಒಂದೇ ಸಾಫ್ಟ್‌ವೇರ್‌ಗೆ ಮಣೆ ಹಾಕುತ್ತವೆ. ರೀಪರ್ ಅದನ್ನು ಹಿಡಿದ ಮೇಲೆ ಸರ್ಜ್‌ಗೆ ಸುದ್ದಿ ಬರುತ್ತಿದ್ದರೂ ಸದ್ದು ಮಾತ್ರ ಇರುವುದಿಲ್ಲ. ಸರ್ಜ್‌ನ ಆಡಿಯೋ ಪ್ರಕಾರವನ್ನು ವಿಂಡೋಸ್ ಆಡಿಯೋ ಎಂದು ಬದಲಿಸಿ ನೋಡಿ. ಆಗಲೂ ಬಾರದಿದ್ದರೆ ರೀಪರ್‌ನಲ್ಲೂ ವಾಸಾಪಿಯ (ವಿಂಡೋಸ್‌ನದೇ ಆಡಿಯೋ ದಾರಿ) ಹಂಚಿಕೆಯ ವಿಧಾನವನ್ನು ಆರಿಸಿ. ತಡ ತುಸು ಹೆಚ್ಚುತ್ತದೆ, ಆದರೆ ಇಬ್ಬರೂ ಮಾತನಾಡುತ್ತಾರೆ. ಸರ್ಜ್‌ನ ಸದ್ದನ್ನೇ ರೀಪರ್‌ನಲ್ಲಿ ರೆಕಾರ್ಡ್ ಮಾಡಬೇಕೆಂದರೆ ಅದು ಆಡಿಯೋ ರೂಟಿಂಗ್, ಮಿಡಿ ಪೋರ್ಟಿನಿಂದ ಆಗುವ ಕೆಲಸವಲ್ಲ. ಅಷ್ಟಕ್ಕೆ ಸರ್ಜ್ ಅನ್ನು ಪ್ಲಗಿನ್ ಆಗಿ ಒಳಗೆ ತರುವುದೇ ಸುಲಭ.

ಗಮಕ ಬೇಕಾದವರಿಗೆ

ಶಾಸ್ತ್ರೀಯ ಛಾಯೆಯ ಹಾಡುಗಳಿಗೆ ಪಿಚ್ ಬೆಂಡ್ ಚಕ್ರ ಬಳಸುವವರಿಗೆ ರೂಟಿಂಗ್‌ನ ತೊಡಕೇ ಬೇರೆ. ಪಿಚ್ ಬೆಂಡ್ ಸುದ್ದಿಯಲ್ಲಿ ಎಷ್ಟು ಸ್ವರ ಎಳೆಯಬೇಕು ಎಂಬ ಮಾಹಿತಿ ಇರುವುದಿಲ್ಲ. 0ಯಿಂದ 16,383ರವರೆಗಿನ ಒಂದು ಅಂಕಿ ಮಾತ್ರ ಬರುತ್ತದೆ, ನಡುವಿನ ಬಿಂದು 8192. ಅದನ್ನು ಎಷ್ಟು ಸೆಮಿಟೋನ್ ಎಂದು ಅರ್ಥ ಮಾಡಿಕೊಳ್ಳುವುದು ಕೇಳುವ ಸಿಂಥ್. ಸಾಮಾನ್ಯವಾಗಿ ಅದು ಮೇಲೆ 2, ಕೆಳಗೆ 2. ಸ-ಪ ಜಾರು ಬೇಕೆಂದರೆ ಕನಿಷ್ಠ 7 ಬೇಕು. 12 ಇಟ್ಟುಕೊಂಡರೆ ಸಪ್ತಕವಿಡೀ ಸಿಗುತ್ತದೆ. ಸರ್ಜ್‌ನಲ್ಲಿ ಬೆಂಡ್ ವ್ಯಾಪ್ತಿಯ ಅಂಕಿಗಳನ್ನು ನೇರವಾಗಿ ಬದಲಿಸಬಹುದು. ಬೇರೆ ಸಿಂಥ್‌ಗಳಿಗೆ ಸಿಸಿ (ಕಂಟ್ರೋಲ್ ಚೇಂಜ್ ಎಂಬ ಜಾತಿಯ ಸುದ್ದಿ) 101ಕ್ಕೆ 0, ಸಿಸಿ 100ಕ್ಕೆ 0, ಬಳಿಕ ಸಿಸಿ 6ಕ್ಕೆ 12 ಎಂದು ಇದೇ ಕ್ರಮದಲ್ಲಿ ಕಳಿಸಿದರೆ ಹೆಚ್ಚಿನವು ಒಪ್ಪುತ್ತವೆ.

ಆದರೆ ಚಕ್ರದ ಗುಣಮಟ್ಟ ನೋಡಬೇಕು. ಅಗ್ಗದ ಕೀಬೋರ್ಡುಗಳಲ್ಲಿ ಚಕ್ರ 128 ಮೆಟ್ಟಿಲು ಮಾತ್ರ ಕಳಿಸುವುದುಂಟು. ಮಿಡಿ-ಆಕ್ಸ್ ಪರದೆಯಲ್ಲಿ ಚಕ್ರವನ್ನು ನಿಧಾನಕ್ಕೆ ತಿರುಗಿಸಿ. ಮೊದಲ ಡೇಟಾ ಅಂಕಿ ಬದಲಾಗದೆ ಎರಡನೆಯದು ಮಾತ್ರ ಬದಲಾದರೆ ಅದು ಈ ಜಾತಿ. ವ್ಯಾಪ್ತಿ 12 ಇದ್ದಾಗ ಮೇಲೆ ಕೆಳಗೆ ಸೇರಿ 2400 ಸೆಂಟನ್ನು (ಒಂದು ಸೆಮಿಟೋನಿಗೆ 100 ಸೆಂಟ್) 128ಕ್ಕೆ ಹಂಚಿದರೆ ಒಂದು ಮೆಟ್ಟಿಲು ಸುಮಾರು 19 ಸೆಂಟ್. ಪ್ರಮಾಣ ಶ್ರುತಿ ಎಂಬ ಸೂಕ್ಷ್ಮ ಸ್ವರಾಂತರವೇ 21.5 ಸೆಂಟ್ ಇರುವಾಗ ಈ ಎಳೆತ ಜಾರು ಆಗುವುದಿಲ್ಲ, ಮೆಟ್ಟಿಲು ಇಳಿದ ಹಾಗೆ ಕೇಳುತ್ತದೆ. ಅಂಥ ಚಕ್ರವಾದರೆ ವ್ಯಾಪ್ತಿಯನ್ನು 3 ಅಥವಾ 4ಕ್ಕೇ ನಿಲ್ಲಿಸಿ.

ಇನ್ನೂ ಮುಖ್ಯವಾದದ್ದು: ಪಿಚ್ ಬೆಂಡ್ ಒಂದು ಸ್ವರಕ್ಕಲ್ಲ, ಇಡೀ ಚಾನಲ್ಲಿಗೆ ಅನ್ವಯಿಸುತ್ತದೆ. ಎಡಗೈಯಲ್ಲಿ ಸ-ಪ ಹಿಡಿದು ಬಲಗೈಯಲ್ಲಿ ಗಾಂಧಾರ ಅಲುಗಿಸಿದರೆ ಶ್ರುತಿಯೂ ಜೊತೆಗೇ ಅಲುಗುತ್ತದೆ. ಪರಿಹಾರಕ್ಕೆ ರೀಪರ್‌ನಲ್ಲಿ ಒಂದೇ ಇನ್‌ಪುಟ್ ಕೇಳುವ ಎರಡು ಟ್ರ್ಯಾಕ್ ಮಾಡಿ, ಎರಡಕ್ಕೂ ಮೊದಲು ರೀಪರ್ ಜೊತೆಗೇ ಬರುವ ಜೆಎಸ್ ಮಿಡಿ ನೋಟ್ ಫಿಲ್ಟರ್, ಅದರ ಕೆಳಗೆ ಸರ್ಜ್ ಪ್ಲಗಿನ್ ಹಾಕಿ. ಒಂದರಲ್ಲಿ 0ಯಿಂದ 59, ಇನ್ನೊಂದರಲ್ಲಿ 60ರಿಂದ 127. ಈ ಫಿಲ್ಟರ್ ಸ್ವರಗಳನ್ನಷ್ಟೇ ತಡೆಯುತ್ತದೆ, ಚಕ್ರದ ಸುದ್ದಿ ಎರಡೂ ಕಡೆ ಹೋಗುತ್ತದೆ. ಆದ್ದರಿಂದ ಶ್ರುತಿಯ ಕಡೆಯ ಸರ್ಜ್‌ನಲ್ಲಿ ಬೆಂಡ್ ವ್ಯಾಪ್ತಿಯನ್ನು ಮೇಲೂ ಕೆಳಗೂ 0 ಮಾಡಿ. ಚಕ್ರ ಎಷ್ಟು ತಿರುಗಿಸಿದರೂ ಷಡ್ಜ ಮಿಸುಕುವುದಿಲ್ಲ. ಈ ಎರಡು ಟ್ರ್ಯಾಕ್ ಬಳಸುವಾಗ ಹೊರಗಿನ ಸರ್ಜ್‌ಗೆ ಹೋಗುವ ಹಾರ್ಡ್‌ವೇರ್ ಔಟ್‌ಪುಟ್ ತೆಗೆದುಹಾಕಿ. ಇಲ್ಲದಿದ್ದರೆ ಮತ್ತೆ ಎರಡು ದಾರಿ.

ಮ್ಯಾಕ್, ಲಿನಕ್ಸ್

ಮ್ಯಾಕ್‌ನಲ್ಲಿ ಇಷ್ಟು ಹೊರೆ ಇಲ್ಲ. ಒಂದು ಪೋರ್ಟನ್ನು ಎಷ್ಟು ಸಾಫ್ಟ್‌ವೇರ್ ಬೇಕಾದರೂ ಕೇಳಬಹುದು, ವರ್ಚುವಲ್ ಪೋರ್ಟೂ ಜೊತೆಗೇ ಬರುತ್ತದೆ. ಯುಟಿಲಿಟೀಸ್‌ನಲ್ಲಿ ಆಡಿಯೋ ಮಿಡಿ ಸೆಟಪ್ ತೆರೆದು, ವಿಂಡೋ ಮೆನುವಿನಲ್ಲಿ ಮಿಡಿ ಸ್ಟುಡಿಯೋ ಆರಿಸಿ, ಐಎಸಿ ಡ್ರೈವರ್ (ಮ್ಯಾಕ್‌ನ ವರ್ಚುವಲ್ ಪೋರ್ಟ್) ಮೇಲೆ ಎರಡು ಸಲ ಒತ್ತಿ, ಡಿವೈಸ್ ಈಸ್ ಆನ್‌ಲೈನ್ ಎಂಬಲ್ಲಿ ಗುರುತು ಹಾಕಿ. ಪೋರ್ಟ್ ಪಟ್ಟಿಯ ಪ್ಲಸ್ ಒತ್ತಿ ದಿಕ್ಕಿಗೊಂದರಂತೆ ಬಸ್ ಮಾಡಿಕೊಳ್ಳಿ. ಸುತ್ತು ಬೀಳುವ ಅಪಾಯ ಮಾತ್ರ ಇಲ್ಲೂ ಅಷ್ಟೇ. ರೀಪರ್ ಬದಲು ಏಬಲ್‌ಟನ್ ಲೈವ್ ಬಳಸುವವರು ಐಎಸಿಯ ಇನ್ ಮತ್ತು ಔಟ್ ಎರಡಕ್ಕೂ ಟ್ರ್ಯಾಕ್ ಗುಂಡಿ ಆನ್ ಮಾಡುವ ಮುನ್ನ ಎರಡು ಸಲ ಯೋಚಿಸಿ.

ಲಿನಕ್ಸ್‌ನಲ್ಲಿ ಪೈಪ್‌ವೈರ್ (ಸದ್ದು, ಮಿಡಿ ಸಾಗಿಸುವ ವ್ಯವಸ್ಥೆ) ಇದ್ದರೆ ಕ್ಯುಪಿಡಬ್ಲ್ಯುಗ್ರಾಫ್ ಹಾಕಿಕೊಳ್ಳಿ. ನೀವು ಹಾಳೆಯ ಮೇಲೆ ಬರೆದ ಚೌಕ-ಬಾಣಗಳೇ ಪರದೆಯ ಮೇಲೆ ಕಾಣುತ್ತವೆ. ಮೌಸ್‌ನಿಂದ ಎಳೆದು ಜೋಡಿಸುವುದಷ್ಟೇ.

ವೇದಿಕೆ ಹತ್ತುವ ದಿನ

ಮೊದಲು ವಾದ್ಯಗಳ ಸ್ವಿಚ್, ಆಮೇಲೆ ಯುಎಸ್‌ಬಿ, ಲೂಪ್‌ಮಿಡಿ, ಮಿಡಿ-ಆಕ್ಸ್, ರೀಪರ್, ಕೊನೆಗೆ ಸರ್ಜ್. ಬಹಳಷ್ಟು ಸಾಫ್ಟ್‌ವೇರ್‌ಗಳು ತೆರೆಯುವಾಗ ಕಂಡ ಪೋರ್ಟುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುವುದರಿಂದ ಈ ಕ್ರಮ. ನಡುವೆ ಯುಎಸ್‌ಬಿ ಕಿತ್ತುಬಂದರೆ ಮತ್ತೆ ಚುಚ್ಚಿ, ಮಿಡಿ-ಆಕ್ಸ್ ಮುಚ್ಚಿ ತೆರೆಯಿರಿ. ರೀಪರ್ ಕೇಳುತ್ತಿರುವುದು ವರ್ಚುವಲ್ ಪೋರ್ಟನ್ನಾದ್ದರಿಂದ ಅದನ್ನು ಮುಟ್ಟಬೇಕಿಲ್ಲ. ಪವರ್ ಆಪ್ಷನ್ಸ್‌ನಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ನಿಲ್ಲಿಸಿ. ನಿರೂಪಕರು ಹತ್ತು ನಿಮಿಷ ಮಾತನಾಡುವಷ್ಟರಲ್ಲಿ ಕೀಬೋರ್ಡಿಗೆ ನಿದ್ದೆ ಬರಬಾರದು.

ಸಸ್ಟೇನ್ ಪೆಡಲ್ ತಿರುಗುಮುರುಗಾಗಿ ಕೆಲಸ ಮಾಡುತ್ತಿದ್ದರೆ, ಅಂದರೆ ತುಳಿದಾಗ ನಿಂತು ಬಿಟ್ಟಾಗ ಎಳೆಯುತ್ತಿದ್ದರೆ, ಕೀಬೋರ್ಡ್ ಆಫ್ ಮಾಡಿ, ಪೆಡಲ್ ಮುಟ್ಟದೆ ಆನ್ ಮಾಡಿ. ಎಷ್ಟೋ ಕೀಬೋರ್ಡುಗಳು ಆನ್ ಆಗುವ ಕ್ಷಣದಲ್ಲಿ ಪೆಡಲ್ ಇರುವ ಸ್ಥಿತಿಯನ್ನೇ ‘ತುಳಿದಿಲ್ಲ’ ಎಂದು ಹಿಡಿಯುತ್ತವೆ. ಸ್ವರ ಅಂಟಿಕೊಂಡು ಕೂಗತೊಡಗಿದರೆ ಮೊದಲು ಪೆಡಲ್ ಒಮ್ಮೆ ತುಳಿದು ಬಿಡಿ. ಹೋಗದಿದ್ದರೆ ರೀಪರ್‌ನ ಆಕ್ಷನ್ ಪಟ್ಟಿಯಲ್ಲಿ ಎಲ್ಲ ಮಿಡಿ ಔಟ್‌ಪುಟ್‌ಗೂ ಪ್ಲಗಿನ್‌ಗೂ ಆಲ್ ನೋಟ್ಸ್ ಆಫ್ ಕಳಿಸುವ ಆಕ್ಷನ್ ಇದೆ. ಅದಕ್ಕೆ ಒಂದು ಶಾರ್ಟ್‌ಕಟ್ ಕೀ ಕೊಟ್ಟಿರಿ. ಅದು ಕಳಿಸುವುದು ಸಿಸಿ 123. ಪೆಡಲ್ ತುಳಿದೇ ಇದೆ ಎಂದು ನಂಬಿಕೊಂಡಿರುವ ಸಿಂಥ್ 123ಕ್ಕೆ ಬಗ್ಗುವುದಿಲ್ಲ. ಅದಕ್ಕೆ ಸಿಸಿ 64ಕ್ಕೆ 0, ಇಲ್ಲವೇ ಸದ್ದನ್ನೇ ಕತ್ತರಿಸುವ ಸಿಸಿ 120 ಬೇಕು.